ಯುಕೆಯಲ್ಲಿ ಎರಡನೇ ಕಾರಾಗಿ ಹಳೇ ಮಜ್ದಾ ಆರ್‌ಎಕ್ಸ್-8 ತಗೋಬಹುದಾ? ಯಾಕೆ ಇಷ್ಟು ಕಮ್ಮಿಗೆ ಸಿಗುತ್ತೆ?

ತಗೋಬಹುದು, ಆದ್ರೆ ಇಂಜಿನ್ ಬಿಸಿ ಇರೋವಾಗ ಕಂಪ್ರೆಷನ್ ಟೆಸ್ಟ್ (ಇಂಜಿನ್ ಒಳಗೆ ಒತ್ತಡ ಎಷ್ಟಿದೆ ಅಂತ ಅಳೆಯೋದು) ಮಾಡಿಸಿ ರಿಪೋರ್ಟ್ ಕೈಗೆ ಬಂದ್ಮೇಲೆ ಮಾತ್ರ. ರೇಟ್ ಕಮ್ಮಿ ಇರೋಕೆ ಕಾರಣಾನೂ ಇಂಜಿನ್ನೇ. ಇದರಲ್ಲಿ ಪಿಸ್ಟನ್ ಇಲ್ಲ, ತ್ರಿಕೋನದ ರೋಟರ್ ಎರಡು ತಿರುಗ್ತವೆ, ಒಂದೊಂದರ ಮೂರೂ ಮೂಲೇಲಿ ಅಪೆಕ್ಸ್ ಸೀಲ್ ಅಂತ ಸಣ್ಣ ಲೋಹದ ಪಟ್ಟಿ ಇರುತ್ತೆ, ಅದು ಸವೆದ್ರೆ ಒಳಗಿನ ಒತ್ತಡ ಸೋರಿಹೋಗುತ್ತೆ, ಆಮೇಲೆ ಇಂಜಿನ್ ಬಿಚ್ಚಿ ಕಟ್ಟಿಸ್ಬೇಕು, ಆ ಖರ್ಚು ಕಾರಿನ ಬೆಲೇನೇ ಮೀರಬಹುದು. ಆ ಸೀಲಿಗೆ ಜಿಡ್ಡು ಸಿಗ್ಲಿ ಅಂತಾನೇ ಇಂಜಿನ್ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತೆ, ಅದು ಕಂಪ್ಲೇಂಟ್ ಅಲ್ಲ, ಡಿಸೈನೇ ಹಾಗೆ, ಪೆಟ್ರೋಲ್ ಹಾಕಿದಾಗೆಲ್ಲ ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಷ್ಟಿದೆ ನೋಡ್ತಿರಿ.

ಟೆಸ್ಟಿಗೆ ಮುಂಚೆ ನೀವೇ ಒಂದು ನೋಡ್ಬಹುದು. ಚೆನ್ನಾಗಿ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ, ತುಂಬಾ ಹೊತ್ತು ಕ್ರ್ಯಾಂಕ್ ಆಗಿ ಕಷ್ಟಪಟ್ಟು ಸ್ಟಾರ್ಟ್ ಆದ್ರೆ ಆ ಗಾಡಿ ಬೇಡ.

ಎರಡನೇ ಕಾರು ಅಂದ್ರೆ ಮನೆ ಮುಂದೆ ಜಾಗ ಬದಲಾಯಿಸೋಕೆ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡೋದು ಜಾಸ್ತಿ, ಇದಕ್ಕೆ ಅದೇ ಆಗಿಬರಲ್ಲ, ಪೆಟ್ರೋಲ್ ಒಳಗೆ ತುಂಬ್ಕೊಂಡು ಮತ್ತೆ ಸ್ಟಾರ್ಟೇ ಆಗದೆ ಹೋಗಬಹುದು. ಇನ್ನೊಂದು, 2006 ಮಾರ್ಚ್ 23ಕ್ಕಿಂತ ಮುಂಚೆ ರಿಜಿಸ್ಟರ್ ಆಗಿರೋದನ್ನೇ ಹುಡುಕಿ, ರೋಡ್ ಟ್ಯಾಕ್ಸ್ ಸಾಕಷ್ಟು ಉಳಿಯುತ್ತೆ.