ಕಲಾವಿದರು ಕೆಲಕಾಲ ತಂಗಿ ಕೆಲಸ ಮಾಡುವ ರೆಸಿಡೆನ್ಸಿಯ ಸಹಾಯಾರ್ಥ ಹರಾಜಿನಲ್ಲಿ 40 ಸಾವಿರಕ್ಕೆ ಯಾವ ಕಲಾಕೃತಿ ಕೊಳ್ಳಲಿ? ಮುಂದೆ ಬೆಲೆ ಏರಬೇಕು, ತೆರಿಗೆ ವಿನಾಯಿತಿಯೂ ಸಿಗಬೇಕು

ಇದೇ ಎರಡು ಆಸೆ ಇಟ್ಟುಕೊಂಡು ಇಂಥ ಹರಾಜಿನ ಪಟ್ಟಿಯನ್ನು ನಾನೂ ಒಂದು ಕಾಲದಲ್ಲಿ ತಿರುವಿದ್ದುಂಟು. ಎರಡೂ ಕೈಗೂಡುವುದಿಲ್ಲ. ವಿನಾಯಿತಿ ಬೇಕಿದ್ದರೆ ಚಿತ್ರ ಕೊಳ್ಳಬೇಡಿ, ದೇಣಿಗೆ ಕೊಡಿ. 80ಜಿ ಎಂದು ಜನ ಕರೆಯುವ ಆದಾಯ ತೆರಿಗೆ ವಿನಾಯಿತಿ ಇರುವುದು ದಾನಕ್ಕೆ. ಕೊಟ್ಟ ದುಡ್ಡಿಗೆ ಪ್ರತಿಯಾಗಿ ಚಿತ್ರ ಮನೆಗೆ ಬಂದರೆ ಅದು ಖರೀದಿ. ದೇಣಿಗೆಯಾದರೂ ನಗದಾಗಿ 2,000 ರೂಪಾಯಿ ಮೀರಿದರೆ ಲೆಕ್ಕಕ್ಕಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮೊದಲೇ ಇಲ್ಲ. ಚಿತ್ರವನ್ನೇ ದಾನ ಕೊಡುವ ಕಲಾವಿದರಿಗೂ ಇಲ್ಲ, ಯಾಕೆಂದರೆ ವಸ್ತುರೂಪದ ದಾನಕ್ಕೆ ಅದು ಅನ್ವಯಿಸುವುದಿಲ್ಲ. ಅದಕ್ಕೇ ಸಂಘಟಕರಿಗೆ ಮೊದಲು ಕೇಳಬೇಕಾದದ್ದು: ಹರಾಜಿನ ಹಣದಲ್ಲಿ ಕಲಾವಿದರ ಪಾಲೆಷ್ಟು? ಅರ್ಧವಾದರೂ ಹೋಗದಿದ್ದರೆ ನಾನಾದರೆ ಸವಾಲು ಕೂಗುವುದಿಲ್ಲ. ಕಲಾವಿದರಿಗೆ ನೆರವಾಗಲೆಂದು ನಡೆಸುವ ಹರಾಜಿಗೆ ಕಾಗದ, ಶಾಯಿ, ಪ್ರೆಸ್ ಬಾಡಿಗೆಯ ಖರ್ಚನ್ನೂ ಕಲಾವಿದರೇ ಹೊರಬೇಕೆನ್ನುವುದು ಯಾವ ನ್ಯಾಯ?

ಬೆಲೆ ಏರುವ ಮಾತಿಗೆ ಬಂದರೆ, ದೊಡ್ಡ ಹರಾಜು ಸಂಸ್ಥೆಗಳು 40 ಸಾವಿರದ ಹೊಸ ಹೆಸರನ್ನು ಮರುಮಾರಾಟಕ್ಕೆ ತೆಗೆದುಕೊಳ್ಳುವುದು ಅಪರೂಪ. ಮಾರಿದರೂ, ಕಾನೂನಿನ ಕಣ್ಣಿಗೆ ಕಲಾಕೃತಿ ಮನೆಬಳಕೆಯ ಸಾಮಾನಲ್ಲ, ಬಂಡವಾಳ ಆಸ್ತಿ. 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭಕ್ಕೆ 12.5% ತೆರಿಗೆ. ಈ ಲೆಕ್ಕ ಇಲ್ಲಿಗೆ ಬಿಡಿ.

ಬೆಂಗಳೂರು, ಮೈಸೂರಿನ ಸಮಕಾಲೀನ ಕಲೆಯಲ್ಲಿ ನನಗೆ ಮೆಚ್ಚಿಗೆಯಾದವು ಕೇಳಿದರೆ ಹೇಳುತ್ತೇನೆ. ಸೂಜಿ, ದಾರ, ಕುಂಕುಮದಲ್ಲಿ ಶೀಲಾ ಗೌಡ ಮಾಡಿದ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಫೋಟೊಗಳು. ಕುರ್ಚಿ ಹಾಕಿ ಕೂತ ಜನರೇ ತುಂಬಿದ ಎನ್.ಎಸ್. ಹರ್ಷ ಅವರ ‘ಕಮ್ ಗಿವ್ ಅಸ್ ಎ ಸ್ಪೀಚ್’ (2008). ಇವ್ಯಾವೂ ನಿಮ್ಮ ಬಜೆಟ್ಟಿನ ಸನಿಹಕ್ಕೂ ಬರುವುದಿಲ್ಲ, ಆದರೆ ಕಣ್ಣು ಪಳಗಲು ನೋಡಿಕೊಂಡು ಹೋಗಿ. ಹರಾಜಿನಲ್ಲಿ ನಿಮಗೆ ಎಟುಕುವುದು ಎಚಿಂಗ್ (ಲೋಹದ ತಗಡನ್ನು ಆಮ್ಲದಲ್ಲಿ ಕೊರೆದು ಒತ್ತಿದ ಅಚ್ಚು), ವುಡ್‌ಕಟ್ (ಮರದ ಹಲಗೆ ಕೆತ್ತಿ ಒತ್ತಿದ ಅಚ್ಚು), ಚಿಕ್ಕ ಡ್ರಾಯಿಂಗ್, ಫೋಟೊ ಪ್ರಿಂಟು. ಅದರಲ್ಲೂ ರೆಸಿಡೆನ್ಸಿಯಲ್ಲಿದ್ದಾಗಲೇ ಮಾಡಿದ್ದನ್ನು ಹುಡುಕಿ. 1997ರಲ್ಲಿ ಶುರುವಾದ ದಿಲ್ಲಿಯ ಖೋಜ್ ಇರಲಿ, ಸುರೇಶ್ ಜಯರಾಂ ಕಟ್ಟಿದ ನಮ್ಮ ಶಾಂತಿನಗರದ ಒನ್ ಶಾಂತಿರೋಡ್ ಇರಲಿ, ಇಂಥ ಕಡೆ ಕಲಾವಿದರು ಬರುವುದೇ ಗ್ಯಾಲರಿಗೆ ಮಾರಲಾಗದ್ದನ್ನು ಮಾಡಿ ನೋಡಲು. ಆ ಪ್ರಯೋಗದ ಹಾಳೆ ಬೇರೆಲ್ಲೂ ಸಿಗುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ: ಕಟ್ಟು, ಅಂದರೆ ಫ್ರೇಮು. ಕಟ್ಟು ಹಾಕಿ ಗೋಡೆಗೆ ತೂಗಿದ ಚಿತ್ರವನ್ನು ಮುಂದಿನಿಂದ ಮಾತ್ರ ನೋಡಿ ಕೂಗಬೇಡಿ. ಸಹಾಯಾರ್ಥ ಹರಾಜಿಗೆ ಕಟ್ಟು ಹಾಕಿಸುವುದು ಕೊನೇ ವಾರದಲ್ಲಿ, ಕಡಿಮೆ ದುಡ್ಡಲ್ಲಿ, ದೇವರ ಫೋಟೊ ಕಟ್ಟುವ ಅಂಗಡಿಯಲ್ಲಿ. ಅಲ್ಲಿ ಹಾಳೆಯನ್ನು ಹಾರ್ಡ್‌ಬೋರ್ಡಿಗೆ ಬಿಳಿ ಅಂಟು ಬಳಿದು ಇಡಿಯಾಗಿ ಅಂಟಿಸುತ್ತಾರೆ, ಮೇಲೆ ಗಾಜನ್ನು ನೇರ ಕೂರಿಸುತ್ತಾರೆ. ಹಾರ್ಡ್‌ಬೋರ್ಡಿನ ಆಮ್ಲ ಹಾಳೆಗೆ ಇಳಿದು ಅಂಚಿನಿಂದ ಕಂದು ಬಣ್ಣ ಹತ್ತುತ್ತದೆ. ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರಿದಾಗ ಶಾಯಿ ಗಾಜಿಗೆ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಬಿಡಿಸಹೋದರೆ ಹಾಳೆಯ ಪದರವೇ ಕಿತ್ತು ಬರುತ್ತದೆ. ಹಿಂದಕ್ಕೆ ತರಲಾಗದ ಹಾನಿ ಇದು. ಮಂಗಳೂರು, ಉಡುಪಿ ಕಡೆಯವರಾದರೆ ಒಂದೇ ಮಳೆಗಾಲ ಸಾಕು.

ಆದ್ದರಿಂದ ಸಾಧ್ಯವಾದರೆ ಕಟ್ಟಿಲ್ಲದೆ ಕೊಳ್ಳಿ. ಕಟ್ಟಿದ್ದರೆ ಪ್ರದರ್ಶನದ ದಿನವೇ ಹೋಗಿ ಹಿಂಬದಿ ತಿರುಗಿಸಿ ತೋರಿಸಲು ಹೇಳಿ, ಹಾಳೆಯನ್ನು ಹೇಗೆ ಕೂರಿಸಿದ್ದಾರೆಂದು ಕೇಳಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಉಬ್ಬು, ಸುಕ್ಕು, ಮಡಿಕೆ ಎಲ್ಲ ಕಾಣುತ್ತದೆ. ಹೊಸ ಕಟ್ಟಿಗೆ ಆಮ್ಲರಹಿತ ಮೌಂಟ್ ಬೋರ್ಡನ್ನು ಹಿಂದೆ ಒಂದು, ಮುಂದೆ ಕಿಟಕಿ ಕೊರೆದದ್ದು ಒಂದು ಹಾಕಿಸಿ. ಗಾಜಿಗೂ ಹಾಳೆಗೂ ನಡುವೆ ಸಂದಿರಬೇಕು. ಹಾಳೆಯನ್ನು ಮೇಲ್ತುದಿಯಲ್ಲಷ್ಟೇ, ತೆಳು ಜಪಾನೀ ಕಾಗದದ ಎರಡು ಪಟ್ಟಿಗೆ ಗೋಧಿ ಗಂಜಿ ಹಚ್ಚಿ ತೂಗುಹಾಕಬೇಕು. ನೀರು ಮುಟ್ಟಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಕಟ್ಟಿನ ಹಿಂಭಾಗದ ಕೆಳಮೂಲೆಗಳಿಗೆ ಎರಡು ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ.

ಪ್ರಿಂಟಾದರೆ ಕೆಳಗೆ ಪೆನ್ಸಿಲಿನಲ್ಲಿ 3/15 (15 ಪ್ರತಿಗಳಲ್ಲಿ ಮೂರನೆಯದು) ಎಂಬಂತೆ ಸಂಖ್ಯೆ, ಸಹಿ ಇರಬೇಕು. ಎಪಿ ಎಂದಿದ್ದರೆ ಕಲಾವಿದರ ಸ್ವಂತ ಪ್ರತಿ. ಎಚಿಂಗ್‌ನಲ್ಲಿ ಸಾಮಾನ್ಯವಾಗಿ ತಗಡಿನ ಅಂಚು ಹಾಳೆಯಲ್ಲಿ ಒತ್ತಿರುತ್ತದೆ. ಭೂತಗನ್ನಡಿ ಹಿಡಿದಾಗ ಸಾಲು ಸಾಲು ಬಣ್ಣದ ಚುಕ್ಕೆ ಕಂಡರೆ ಅದು ಯಂತ್ರದ ಮುದ್ರಣ. ಹೆಸರು, ವರ್ಷ, ಮಾಧ್ಯಮ, ಅಳತೆ, ಕೃತಿಯ ಫೋಟೊ ಇರುವ ಪ್ರಮಾಣಪತ್ರಕ್ಕೆ ಕಲಾವಿದರ ಸಹಿ ಹಾಕಿಸಿಕೊಳ್ಳಿ.

ದುಡ್ಡಿನ ಲೆಕ್ಕ ಮುಂಚೆಯೇ ಹಾಕಿ. 30,000ಕ್ಕೆ ಸುತ್ತಿಗೆ ಬಿತ್ತು ಅನ್ನಿ. ಹರಾಜಿನವರು ಕೊಳ್ಳುವವರಿಂದ ಪಡೆಯುವ ಶುಲ್ಕ 15% ಇದ್ದರೆ 4,500, ಅದರ ಮೇಲೆ 18% ಜಿಎಸ್‌ಟಿ 810, ಕೃತಿಗೆ 5% ಜಿಎಸ್‌ಟಿ 1,500. ಅಲ್ಲಿಗೆ 36,810. ಉಳಿದ ಮೂರು ಸಾವಿರ ಚಿಲ್ಲರೆಯಲ್ಲಿ ಕಟ್ಟು, ಸಾಗಾಟ. ಹಾಗಾಗಿ ನಿಮ್ಮ ಮಿತಿ 40 ಅಲ್ಲ, 30. ಕೆಲವು ಸಹಾಯಾರ್ಥ ಹರಾಜುಗಳಲ್ಲಿ ಶುಲ್ಕ ಇರುವುದಿಲ್ಲ, ನಿಯಮಾವಳಿ ಓದಿ.

ಮಿತಿ ದಾಟಿತೇ? ಸುಮ್ಮನೆ ಕೈ ಇಳಿಸಿ. ಅದು 15 ಪ್ರತಿಗಳ ಪ್ರಿಂಟಾಗಿದ್ದರೆ ಉಳಿದ ಪ್ರತಿಗಳು ಇನ್ನೂ ಕಲಾವಿದರ ಹತ್ತಿರ ಇರಬಹುದು, ಹರಾಜಿನಾಚೆ ಬೆಲೆ ವಿಚಾರಿಸಿ. ಅಲ್ಲಿ ಉಳಿಸಿದ ದುಡ್ಡನ್ನು ರೆಸಿಡೆನ್ಸಿಯ ಟ್ರಸ್ಟಿಗೆ ಬ್ಯಾಂಕ್ ಮೂಲಕ ಕಳಿಸಿ, ದೇಣಿಗೆಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದು, ಟ್ರಸ್ಟಿಗೆ 80ಜಿ ನೋಂದಣಿಯಿದ್ದರೆ ನೀವು ಕೇಳಿದ ವಿನಾಯಿತಿ ಸಿಗುವ ದಾರಿ ಅದು.