ಎದುರಿನ ಅರ್ಥಧಾರಿ ಎಲ್ಲಿ, ಮೇಷ್ಟ್ರೇ?

(ಹೊಸನಗರ ತಾಲ್ಲೂಕಿನ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರ ಪತ್ರದ ಸಾರ ಇಷ್ಟು: ಮಳೆಗಾಲದ ರಜೆಗೆ ಬಂದ ಮೊಮ್ಮಗ ಮತ್ತು ಅವನ ಗೆಳೆಯರು ಜಗಲಿಯ ಗೋಡೆ ಮೇಲೆ ‘ಆರ್ಗೊ’ ಸಿನಿಮಾ ಹಾಕಿದರು. ಕೊನೆಯಲ್ಲಿ ವಿಮಾನದ ಹಿಂದೆ ಪೊಲೀಸ್ ಗಾಡಿಗಳು ಬೆನ್ನಟ್ಟಿ ಬಂದಾಗ ಸಿಳ್ಳೆಯೋ ಸಿಳ್ಳೆ. ಮೇಷ್ಟ್ರು ಆಮೇಲೆ ಓದಿ ನೋಡಿದರೆ ಅಂಥ ಓಟವೇ ನಡೆದಿರಲಿಲ್ಲ. ಹುಡುಗರಿಗೆ ಹೇಳಿದರೆ ‘ಗೊತ್ತು ಅಜ್ಜ, ಆದ್ರೂ ಚೆನ್ನಾಗಿತ್ತಲ್ಲ’ ಎಂದು ನಕ್ಕರಂತೆ. ಇತಿಹಾಸದ ಸಿನಿಮಾಗಳನ್ನು ಪಂಡಿತರ ಮಂಡಳಿಯೊಂದು ಮೊದಲೇ ನೋಡಿ ಸುಳ್ಳನ್ನು ಕತ್ತರಿಸಬೇಕು, ನಮ್ಮ ಪತ್ರಿಕೆ ಅದಕ್ಕೆ ದನಿಗೂಡಿಸಬೇಕು ಎಂಬುದು ಅವರ ಒತ್ತಾಯ. - ಸಂ.)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಹಾಳೆ, ಎರಡೂ ಮಗ್ಗುಲು. ಅಕ್ಷರ ಮಾತ್ರ ಇನ್ನೂ ಬೋರ್ಡಿನ ಮೇಲೆ ಬರೆದಷ್ಟೇ ದುಂಡಗಿದೆ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ನಡೆಯದ್ದನ್ನು ನಡೆಯಿತು ಅಂತ ತೋರಿಸಿ, ‘ನಿಜ ಘಟನೆ’ ಅಂತ ಹೇಳಿಕೊಂಡರೆ ತಪ್ಪೇ. ಆಯ್ತಲ್ಲ? ಇನ್ನು ನನ್ನ ಜಗಳ ಶುರು.

ಸಿನಿಮಾ ನೋಡದವರಿಗೆ ಎರಡು ಮಾತು. 1979ರ ನವೆಂಬರ್ 4ರಂದು ಟೆಹರಾನಿನ ಅಮೆರಿಕ ರಾಯಭಾರ ಕಚೇರಿಗೆ ಇರಾನಿನ ವಿದ್ಯಾರ್ಥಿಗಳು ನುಗ್ಗಿದರು. ಸಿಕ್ಕಿಬಿದ್ದವರಲ್ಲಿ 52 ಮಂದಿ 444 ದಿನ ಒತ್ತೆಯಾಳಾಗಿದ್ದರು. ಆರು ಮಂದಿ ಮಾತ್ರ ತಪ್ಪಿಸಿಕೊಂಡು, ಕೆನಡಾದ ಅಧಿಕಾರಿಗಳ ಮನೆಗಳಲ್ಲಿ ಅಡಗಿದರು. ಸಿನಿಮಾ ತೆಗೆಯಲು ಜಾಗ ಹುಡುಕಿ ಬಂದವರು ಎಂಬ ವೇಷ ಹಾಕಿಸಿ ಅವರನ್ನು 1980ರ ಜನವರಿ ಕೊನೆಯಲ್ಲಿ ವಿಮಾನ ಹತ್ತಿಸಿದವನು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಟೋನಿ ಮೆಂಡೆಜ್. ಇಷ್ಟು ನಿಜ. 2012ರಲ್ಲಿ ಬೆನ್ ಅಫ್ಲೆಕ್ ಇದನ್ನು ಸಿನಿಮಾ ಮಾಡಿದ. ಮರುವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಬಂತು.

ನೀವು ಹೇಳಿದ ಹಾಗೆ ವಿಮಾನದ ಹಿಂದೆ ಯಾವ ಗಾಡಿಯೂ ಓಡಲಿಲ್ಲ. ಬಜಾರಿನಲ್ಲಿ ಜನ ಮುತ್ತಿಕೊಳ್ಳುವುದೂ ಕಟ್ಟುಕಥೆಯೇ. ಯಂತ್ರದ ಸಣ್ಣ ತೊಂದರೆಯಿಂದ ಸ್ವಿಸ್ ವಿಮಾನ ಹೊರಡುವುದು ತಡವಾಯಿತು, ಇವರು ಕೂತು ಕಾದರು, ಅಷ್ಟೆ. ತಮಾಷೆ ಅಂದರೆ ಆ ವಿಮಾನದ ಮೂತಿಯ ಮೇಲೆ ‘ಆರ್ಗಾವ್’ ಎಂದು ಬರೆದಿತ್ತು. ಅದು ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ್ಯದ ಹೆಸರು. ‘ಆರ್ಗೊ’ ಎಂಬ ಇಲ್ಲದ ಸಿನಿಮಾದ ಹೆಸರು ಹೇಳಿಕೊಂಡು ಬಂದವರಿಗೆ ಇಂಥ ವಿಮಾನ! ಯಾರಾದರೂ ಇದನ್ನು ಕಥೆಯಲ್ಲಿ ಬರೆದಿದ್ದರೆ ‘ಇದು ಜಾಸ್ತಿಯಾಯ್ತು’ ಅಂತ ಮೊದಲು ಗೊಣಗುವವರು ನೀವೇ.

ಕೂತು ಕಾಯುವವರ ಎದೆ ಡವಗುಟ್ಟುವುದನ್ನು ಕಣ್ಣಿಗೆ ಹೇಗೆ ತೋರಿಸುವುದು? ಅದಕ್ಕೇ ಗಾಡಿ ಓಡಿಸಿದರು. ನಮ್ಮ ಯಕ್ಷಗಾನದ ಆಟದಲ್ಲಿ ಸಿಟ್ಟು ಬಂದವನು ಸುತ್ತಿ ಹಾರಿ ದಿಗಿಣ ಹಾಕುವುದಿಲ್ವಾ? ಕುರುಕ್ಷೇತ್ರದಲ್ಲಿ ಯಾರೂ ದಿಗಿಣ ಹಾಕಿರಲಿಕ್ಕಿಲ್ಲ. ಚಾಪೆ ಹಾಸಿಕೊಂಡು ಬೆಳಗಿನವರೆಗೆ ಆಟ ನೋಡುತ್ತಿದ್ದ ನಮ್ಮಜ್ಜಿಗೂ ಅದು ಗೊತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಆಕೆ. ನಿಮ್ಮ ಮೊಮ್ಮಗ ‘ಗೊತ್ತು ಅಜ್ಜ’ ಅಂದನಲ್ಲ, ಆ ಎರಡು ಪದವನ್ನು ನೀವು ಕೇಳಿಸಿಕೊಳ್ಳಲೇ ಇಲ್ಲ. ಸಿಳ್ಳೆ ಹೊಡೆದವರೆಲ್ಲ ಮೋಸಹೋದವರಲ್ಲ ಮೇಷ್ಟ್ರೇ.

ಈ ಸಿನಿಮಾ ಬಂದಾಗ ನಿಜವಾಗಿ ನೊಂದವರು ಬೇರೆಯವರು. ಆಶ್ರಯ ಕೊಟ್ಟವರು. ರಾಯಭಾರಿ ಕೆನ್ ಟೇಲರ್ ಜೊತೆ ಜಾನ್ ಶಿಯರ್‌ಡೌನ್ ಎಂಬ ಇನ್ನೊಬ್ಬ ಕೆನಡಾ ಅಧಿಕಾರಿಯೂ ಆ ಆರು ಜನರನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಸಿನಿಮಾದಲ್ಲಿ ಅವರು ಇಲ್ಲವೇ ಇಲ್ಲ. ಟೊರಾಂಟೊ ಉತ್ಸವದಲ್ಲಿ ತೋರಿಸಿದ ಮೇಲೆ ಟೇಲರ್ ಕಡೆಯವರು ತಕರಾರು ಮಾಡಿ, ಕೊನೆಯಲ್ಲಿ ಬರುವ ಬರಹವನ್ನೇ ಬದಲಾಯಿಸಬೇಕಾಯಿತು. ಒತ್ತೆಯಾಳುಗಳ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರೇ 2013ರಲ್ಲಿ, ಇದರಲ್ಲಿ ನೂರಕ್ಕೆ 90 ಪಾಲು ಕೆನಡಾದವರದು ಎಂದರು. ನ್ಯೂಜಿಲೆಂಡಿನವರು ಆ ಆರು ಮಂದಿಯನ್ನು ಸೇರಿಸಲಿಲ್ಲ ಎಂಬ ಒಂದು ಮಾತು ಸಿನಿಮಾದಲ್ಲಿದೆ. ಸಹಾಯ ಮಾಡಿದ್ದ ಆ ದೇಶದ ಸಂಸತ್ತು ಬೇಸರ ಸೂಚಿಸಿ ನಿರ್ಣಯವನ್ನೇ ಮಾಡಿತು.

ಈ ನೋವು ನಮ್ಮ ಸೀಮೆಯವರಿಗೆ ಅರ್ಥ ಆಗದೆ ಇನ್ಯಾರಿಗೆ ಆಗಬೇಕು? 1689ರಲ್ಲಿ ಶಿವಾಜಿಯ ಮಗ ರಾಜಾರಾಮ ತಮಿಳು ಸೀಮೆಯ ಜಿಂಜಿ ಕೋಟೆಗೆ ತಪ್ಪಿಸಿಕೊಂಡು ಹೋಗುವಾಗ ಕೆಳದಿಯ ರಾಣಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ಆ ಕಥೆಯಿಂದ ಚೆನ್ನಮ್ಮನನ್ನೇ ಬಿಟ್ಟು, ರಾಜಾರಾಮನ ಕುದುರೆಯನ್ನು ಮಾತ್ರ ತೋರಿಸಿದರೆ ಹೇಗೆ?

ಆ ಕಥೆಯನ್ನು ನಮ್ಮ ಶಾಲೆಯಲ್ಲಿ ನಾಟಕ ಆಡಿದ್ದೆವು. ನಾನು ದ್ವಾರಪಾಲಕ. ಔರಂಗಜೇಬನ ಪಾತ್ರ ಮಾಡಿದ ಹುಡುಗನಿಗೆ ಒಂದೇ ಒಂದು ಮಾತಿರಲಿಲ್ಲ. ಮೂರು ಸಲ ಬಂದು ಗಹಗಹಿಸಿ ನಗಬೇಕು, ಹೋಗಬೇಕು. ಎರಡನೇ ಸಲ ಅವನಿಗೆ ಕೆಮ್ಮು ಬಂತು. ಆ ನಾಟಕ ಬರೆಸಿದವರು ಯಾರು ಗೊತ್ತಾ? ನಿಮ್ಮ ಹಾಗೇ ಇತಿಹಾಸದ ಮೇಷ್ಟ್ರು. ಇಸವಿ ಒಂದೂ ತಪ್ಪಿರಲಿಲ್ಲ.

ನನ್ನ ತಕರಾರು ಇಲ್ಲಿದೆ. ಇಸವಿ ಸರಿ ಇದ್ದೂ ನಾಟಕ ಸುಳ್ಳಾಗಬಹುದು.

ತಾಳಮದ್ದಲೆ ಕೇಳಿದವರು ನೀವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆ, ಎದುರುಬದುರು ಕೂತು ತಂತಮ್ಮ ಪಾತ್ರದ ಪರವಾಗಿ ‘ಅರ್ಥ’ ಹೇಳುವ, ಅಂದರೆ ವಾದ ಮಾಡುವ ಅರ್ಥಧಾರಿಗಳು. ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗಲಿಯಲ್ಲಿ ಹಿಂದೆ ಕೇಳಿದ ವಾಲಿವಧೆ ನನಗೆ ಇನ್ನೂ ನೆನಪಿದೆ. ಹೊರಗೆ ಹಿಡಿದ ಮಳೆ. ಬಾಣ ತಿಂದು ಬಿದ್ದ ವಾಲಿ ಕೇಳಿದ: ನಿನಗೆ ನಾನೇನು ಮಾಡಿದ್ದೆ? ಮರದ ಮರೆಯಲ್ಲಿ ನಿಂತು ಹೊಡೆಯುವುದು ಯಾವ ಊರಿನ ಕ್ಷತ್ರಿಯ ಧರ್ಮ? ರಾಮನ ಅರ್ಥ ಹೇಳುವವರು ಎಲೆಅಡಿಕೆಯ ಕವಳ ಉಗಿದು ಬಂದು ಬಾಯಿ ಒರೆಸಿಕೊಂಡು ಉತ್ತರ ಶುರುಮಾಡಿದರು. ಕೋಳಿ ಕೂಗಿದರೂ ಮುಗಿಯಲಿಲ್ಲ. ಬೆಳಿಗ್ಗೆ ತೋಟದಲ್ಲಿ ಕೊಳೆಔಷಧಿ ಹೊಡೆಯುತ್ತಿದ್ದ ಕೊನೆಗೌಡ ಅಡಿಕೆ ಮರದ ತುದಿಯಿಂದಲೇ ವಾಲಿಯ ಪರವಾಗಿ ಇನ್ನೊಂದು ಪಾಯಿಂಟ್ ಹಾಕಿದ. ಕೆಳಗೆ ದೋಟಿ ಹಿಡಿದಿದ್ದವನು ರಾಮನ ಕಡೆ. ರಾಮನ ಮೇಲಿನ ಭಕ್ತಿ ಯಾರಿಗೂ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ.

‘ಆರ್ಗೊ’ದಲ್ಲಿ ಆಗಿದ್ದೇನು? ಶುರುವಿನಲ್ಲಿ ಒಂದೆರಡು ನಿಮಿಷ ಚಿತ್ರಗಳಲ್ಲಿ ಇರಾನಿನ ಹಿಂದಿನ ಕಥೆ ಹೇಳುತ್ತಾರೆ. 1953ರಲ್ಲಿ ಪ್ರಧಾನಿ ಮೊಸಾದೆಗ್‌ರನ್ನು ಅಮೆರಿಕ, ಬ್ರಿಟನ್ ಸೇರಿ ಇಳಿಸಿದ್ದನ್ನೂ ಮುಚ್ಚಿಡುವುದಿಲ್ಲ. ಭೇಷ್. ಭಾಗವತರು ಪದ ಹಾಡಿದರು. ಅರ್ಥ ಹೇಳಬೇಕಾದವನು ಮಾತ್ರ ಬರಲೇ ಇಲ್ಲ! ಆಮೇಲೆ ಪೂರ್ತಿ ಸಿನಿಮಾದಲ್ಲಿ ಇರಾನಿನವರು ಅಂದರೆ ಗಡ್ಡ, ಬಂದೂಕು, ಕೂಗಾಟ. ರಾಯಭಾರಿಯ ಮನೆಗೆಲಸದ ಹುಡುಗಿಯೊಬ್ಬಳನ್ನು ಬಿಟ್ಟರೆ ಮನುಷ್ಯರಂತೆ ಕಾಣುವವರೇ ಕಮ್ಮಿ.

ನಾನಾದರೆ ಗೇಟು ಹತ್ತಿದ ಒಬ್ಬ ವಿದ್ಯಾರ್ಥಿಗೆ ಅರ್ಥ ಕೊಡುತ್ತಿದ್ದೆ. ‘ನಮ್ಮ ಎಣ್ಣೆ ನಮ್ಮದು ಅಂದ ಪ್ರಧಾನಿಯನ್ನು ಇಳಿಸಿದಿರಿ. ಓಡಿಹೋಗಿದ್ದ ದೊರೆ ಶಾನನ್ನು ತಂದು ಕೂರಿಸಿದಿರಿ. ಅವನ ಗುಪ್ತ ಪೊಲೀಸರ ಕೈಯಲ್ಲಿ ನಾವು ಪಟ್ಟ ಪಾಡು ನಮಗೇ ಗೊತ್ತು. ಈಗ ಮತ್ತೆ ಓಡಿದವನನ್ನು ಚಿಕಿತ್ಸೆ ಅಂತ ನಿಮ್ಮ ದೇಶದೊಳಗೆ ಬಿಟ್ಟುಕೊಂಡಿದ್ದೀರಿ. 1953ರ ಆಟ ಇದೇ ಕಟ್ಟಡದಲ್ಲಿ ಇನ್ನೊಮ್ಮೆ ನಡೆಯುವುದಿಲ್ಲ ಅಂತ ಹೇಗೆ ನಂಬೋದು?’ ಇದಕ್ಕೆ ಎದುರು ಅರ್ಥವೂ ನಮ್ಮಲ್ಲೇ ಇದೆ. ದೂತನನ್ನು ಕೊಲ್ಲಬಾರದು ಎಂದು ಹನುಮಂತನ ವಿಷಯದಲ್ಲಿ ವಿಭೀಷಣ ರಾವಣನ ಸಭೆಯಲ್ಲೇ ಎದ್ದು ಹೇಳಲಿಲ್ವಾ? ಕಚೇರಿಯಲ್ಲಿ ವೀಸಾದ ಕೆಲಸ ಮಾಡುವವರು ನಿಮಗೇನು ಮಾಡಿದ್ದರು ಎಂದು ಕೇಳಲಿ. ಇಬ್ಬರೂ ಮಾತಾಡಲಿ. ಆಮೇಲೆ ಬೇಕಾದರೆ ಹತ್ತು ಗಾಡಿ ಓಡಿಸಿ, ನಾನೂ ಸಿಳ್ಳೆ ಹೊಡೆಯುತ್ತೇನೆ. ಅಂದಹಾಗೆ 1953ರ ಕೆಲಸ ತನ್ನದೆಂದು ಸಿಐಎ ಕಾಗದಪತ್ರ ಬಿಡುಗಡೆ ಮಾಡಿ ಒಪ್ಪಿದ್ದು 2013ರಲ್ಲಿ, ಈ ಸಿನಿಮಾಕ್ಕೆ ಆಸ್ಕರ್ ಬಂದ ವರ್ಷವೇ.

ದೂರದ ಟೆಹರಾನ್ ಬಿಡಿ. ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನ ಮೇಲೆ ಯಾರಾದರೂ ಸಿನಿಮಾ ಮಾಡಿದರೆ ನೀವು ಏನು ನೋಡಬೇಕೆಂದಿದ್ದೀರಿ? 1942ರಲ್ಲಿ ಊರಿನವರು ತಮ್ಮದೇ ಸರ್ಕಾರ ಮಾಡಿಕೊಂಡು, ಹುಡುಗರನ್ನು ಅಮಲ್ದಾರ, ಇನ್ಸ್‌ಪೆಕ್ಟರ್ ಅಂತ ಕೂರಿಸಿದರು. ‘ಏಸೂರು ಕೊಟ್ಟರೂ ಈಸೂರು ಬಿಡೆವು’ ಅಂದರು. ಸೆಪ್ಟೆಂಬರ್ 28ರ ಗಲಭೆಯಲ್ಲಿ ನಿಜವಾದ ಅಮಲ್ದಾರ, ಪೊಲೀಸ್ ಅಧಿಕಾರಿ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೆ ಹಾಕಿದರು. ಆ ಐವರ ಹೆಸರು ಕೇಳಿದರೆ ನನಗೆ ಈಗಲೂ ಕೈ ಮುಗಿಯುವ ಹಾಗಾಗುತ್ತದೆ. ಆದರೆ ಸತ್ತ ಆ ಇಬ್ಬರೂ ಕನ್ನಡದವರೇ, ಮೈಸೂರು ಸರ್ಕಾರದ ಸಂಬಳದವರು. ಅವತ್ತು ಬೆಳಿಗ್ಗೆ ಅವರೂ ಮನೆಯಲ್ಲಿ ಕಾಫಿ ಕುಡಿದು ಹೊರಟಿರಬೇಕು. ಅವರಿಗೆ ನಾಲ್ಕು ಮಾತು ಕೊಡುವ ಧೈರ್ಯ ನಮ್ಮ ಯಾವ ಸಿನಿಮಾದವನಿಗಿದೆ? ಕೊಟ್ಟರೆ ‘ದೇಶದ್ರೋಹಿ’ ಅನ್ನಲು ಜನ ಮೊಬೈಲ್ ಹಿಡಿದು ಕಾಯುತ್ತಿದ್ದಾರೆ. ನಿಮ್ಮ ಪಂಡಿತರ ಮಂಡಳಿ ಬಂದರೆ ಮೊದಲು ಕತ್ತರಿಸುವುದೂ ಆ ನಾಲ್ಕು ಮಾತನ್ನೇ. ಹಾಗಾಗಿ ಅದಕ್ಕೆ ನನ್ನ ಸಹಿ ಇಲ್ಲ.

ಕತ್ತರಿಯ ಮಾತು ಬಂತು, ಹೇಳಿಯೇಬಿಡುತ್ತೇನೆ. ಹೋದ ವರ್ಷ ನಮ್ಮ ಕಡೆ ಒಂದು ತಾಳಮದ್ದಲೆ. ಸಂಘಟಕರು ಎರಡೂವರೆ ಗಂಟೆಯಲ್ಲಿ ಮುಗಿಸಿ ಅಂದರು. ಊಟಕ್ಕೆ ಹೊತ್ತಾಗುತ್ತದಂತೆ. ಅದೇ ವಾಲಿವಧೆ. ಮೊದಲು ಕತ್ತರಿ ಬಿದ್ದದ್ದು ಎಲ್ಲಿಗೆ ಹೇಳಿ? ವಾಲಿಯ ಪ್ರಶ್ನೆಗಳಿಗೆ. ಬಾಣ ತಾಗಿತು, ವಾಲಿ ‘ರಾಮಾ’ ಅಂದ, ಮೋಕ್ಷ ಸಿಕ್ಕಿತು. ಭಾಗವತರು ಮಂಗಳ ಹಾಡಿದರು. ಪಾಯಸ ಚೆನ್ನಾಗಿತ್ತು. ನಮ್ಮ ಊರಲ್ಲೇ ವಾಲಿ ಬಾಯಿ ಮುಚ್ಚಿಸಿ ಪಾಯಸ ತಿಂದ ನಾವು ಹಾಲಿವುಡ್‌ನವನಿಗೆ ಯಾವ ಮುಖದಲ್ಲಿ ಬುದ್ಧಿ ಹೇಳೋದು?

ನವರಾತ್ರಿಗೆ ಮೊಮ್ಮಗ ಬರುತ್ತಾನೆ ಅಂತ ಬರೆದಿದ್ದೀರಿ. ಅದೇ ಜಗಲಿ, ಅದೇ ಹುಡುಗರನ್ನು ಸೇರಿಸಿ. ಸಿನಿಮಾ ಇನ್ನೊಮ್ಮೆ ಹಾಕಿ, ಮುಗಿದ ಮೇಲೆ ಗೇಟು ಹತ್ತಿದ ವಿದ್ಯಾರ್ಥಿಯ ಅರ್ಥ ಮೊಮ್ಮಗನಿಗೆ ಕೊಡಿ. ವಿಭೀಷಣನ ವಾದ ನೀವು ಇಟ್ಟುಕೊಳ್ಳಿ. ನನಗೂ ಒಂದು ಕಾರ್ಡು ಹಾಕಿ. ಮದ್ದಲೆ ತರುತ್ತೇನೆ. ಬಾರಿಸಲು ಬರುವುದಿಲ್ಲ, ಹೊತ್ತು ತರುವುದಷ್ಟೇ ನನ್ನ ಕೆಲಸ. ಕವಳದ ತಟ್ಟೆ ನಿಮ್ಮದು.