ಘಟ್ಟ ಇಳಿದ ಚಾರ್ಜಿನಲ್ಲಿ ಘಟ್ಟ ಹತ್ತಲಾಗದು

ಶಿರಸಿಯಿಂದ ಕುಮಟಾಕ್ಕೆ ಆಗಾಗ ಹೋಗಿಬರುವವರು ನೀವು. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ತುಂಬಿಸಿಕೊಂಡ ಚಾರ್ಜಿನಲ್ಲೇ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರೂ ಇರುವ ಕಾರು) ವಾಪಸ್ ಹತ್ತೀತೇ ಎಂದು ಕೇಳಿದ್ದೀರಿ. ಕೊಳ್ಳುವ ಮೊದಲು ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ಹತ್ತುವುದಿಲ್ಲ. ಕಾರಣವನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಬೇಡಿ.

ನಾನು ಬಹಳ ವರ್ಷ ಹಳೆಯ ಡೀಸೆಲ್ ಜೀಪು ಓಡಿಸಿದವನು. ಇಳಿಜಾರು ಸಿಕ್ಕಲ್ಲೆಲ್ಲ ನ್ಯೂಟ್ರಲ್ ಮಾಡಿ ಉರುಳಲು ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಕೈಗೇ ಹತ್ತಿಬಿಟ್ಟಿತ್ತು. ಅಪ್ಪ ಬೈಯುತ್ತಿದ್ದರು. "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ" ಎಂಬುದು ಲಾರಿಯವರಿಂದ ಅವರು ಕಲಿತಿದ್ದ ಪಾಠ. ಹೈಬ್ರಿಡ್ ಬಂದ ಮೇಲೆ ಆ ಮಾತು ಹಳೆಯ ಗಾಡಿಗಳಿಗೆ ಮಾತ್ರ ಎಂದುಕೊಂಡೆ. ಹೊಸ ಕಾರಿಗೆ ಗೇರೇ ಇಲ್ಲವಲ್ಲ, ಡಿ (ಓಡಿಸಲು), ಎನ್ (ನ್ಯೂಟ್ರಲ್), ಬಿ (ಇಳಿಜಾರಿನಲ್ಲಿ ತಡೆಯಲು) ಎಂಬ ಅಕ್ಷರಗಳಷ್ಟೇ.

ಅಂದು ಮನೆಯವರೆಲ್ಲ ಗೋಕರ್ಣಕ್ಕೆ ಹೊರಟಿದ್ದೆವು. ಕಾರಿನ ತುಂಬ ಜನ, ಹಿಂದೆ ಸಾಮಾನು. ದೇವಿಮನೆಯಲ್ಲಿ ಕೈಮುಗಿದು ಹೊರಟವನು ಘಟ್ಟದ ಮೊದಲ ತಿರುವಿನಲ್ಲೇ ಎನ್ ಹಾಕಿದೆ. ಪರದೆಯಲ್ಲಿ ಮೈಲೇಜಿನ ಗೆರೆ ತುದಿ ಮುಟ್ಟಿತು, ಎಂಜಿನ್ ಸದ್ದಿಲ್ಲ, ಬಹಳ ಖುಷಿಯಾಯಿತು. ಅದೇ ಪರದೆಯಲ್ಲಿ ಚಕ್ರದಿಂದ ಬ್ಯಾಟರಿಯ ಕಡೆಗೆ ಹೋಗಬೇಕಿದ್ದ ಬಾಣದ ಗುರುತು ಮಾಯವಾಗಿತ್ತು. ನೋಡಬೇಕಾಗಿದ್ದು ಅದನ್ನು.

ಎನ್‌ನಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಷೋರೂಮಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೈಬ್ರಿಡ್ ಕಾರಿನಲ್ಲಿ ಚಕ್ರ ತಿರುಗಿಸುವ ಮೋಟಾರೇ ಇಳಿಯುವಾಗ ಜನರೇಟರ್ ಆಗುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಅದು ವಿದ್ಯುತ್ ಹುಟ್ಟಿಸುತ್ತದೆ, ಹುಟ್ಟಿಸುವ ಶ್ರಮವೇ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಬ್ರೇಕ್ ಪೆಡಲನ್ನು ಮೆತ್ತಗೆ ಒತ್ತಿದಾಗ ಮೊದಲು ಕೆಲಸ ಮಾಡುವುದು ಈ ಜಗ್ಗುವಿಕೆ. ಜೋರಾಗಿ ಒತ್ತಿದಾಗ, ಅಥವಾ ಕಾರು ನಿಲ್ಲುವ ಕೊನೆಯ ಗಳಿಗೆಯಲ್ಲಿ, ಬ್ರೇಕ್ ಪ್ಯಾಡುಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿಯುತ್ತವೆ. ಎನ್ ಹಾಕಿದೊಡನೆ ಮೋಟಾರಿನ ಹಿಡಿತ ತಪ್ಪುತ್ತದೆ. ಚಾರ್ಜೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ. ಒಂದೂವರೆ ಟನ್ ಭಾರವನ್ನು ಘಟ್ಟದುದ್ದಕ್ಕೂ ತಡೆಯುವ ಹೊಣೆ ಪೂರ್ತಿ ಆ ಪ್ಯಾಡುಗಳ ಮೇಲೆ ಬೀಳುತ್ತದೆ.

ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಮೊದಲು ಹಿಡಿಯುತ್ತಿದ್ದ ಜಾಗ ದಾಟಿ ಕಾಲು ಒಳಗೆ ಹೋದರೂ ಕಾರು ನಿಲ್ಲಲು ಮನಸ್ಸು ಮಾಡಲಿಲ್ಲ. ಸುಟ್ಟ ವಾಸನೆ ಒಳಗೆ ಬಂತು. ತಿರುವಿನಾಚೆ ರಸ್ತೆ ಅಗಲವಿದ್ದ ಕಡೆ ಹೇಗೋ ನಿಲ್ಲಿಸಿದೆ. ಮುಂದಿನ ಎರಡೂ ಚಕ್ರಗಳಿಂದ ಹೊಗೆ. ನಾನು ನೀರಿನ ಬಾಟಲಿ ಹಿಡಿದು ಇಳಿದಾಗ ಹಿಂದೆ ನಿಂತ ಲಾರಿಯ ಚಾಲಕರು ಓಡಿಬಂದು ಕೈ ಹಿಡಿದರು. "ನೀರು ಹಾಕಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ತಾನಾಗಿಯೇ ಆರಲಿ." ಅವರು ನಮ್ಮೊಡನೆ ಬಹಳ ಹೊತ್ತು ನಿಂತರು. ಅಷ್ಟಾದರೂ ಪ್ಯಾಡುಗಳು ಗಾಜಿನಂತೆ ನುಣುಪಾಗಿ ಹೋಗಿದ್ದವು, ಡಿಸ್ಕುಗಳ ಮೇಲೆ ನೀಲಿ ಕಲೆ. ಎರಡನ್ನೂ ಬದಲಿಸಬೇಕಾಯಿತು. ಹಣ ಹೋದದ್ದು ಹೋಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು ಎಂಬುದು ನನಗೆ ಇಂದಿಗೂ ಸಣ್ಣ ವಿಷಯವಲ್ಲ.

ಇಷ್ಟಕ್ಕೂ ನ್ಯೂಟ್ರಲ್‌ನಿಂದ ಇಂಧನ ಉಳಿಯುತ್ತದೆ ಎಂಬುದೇ ಸುಳ್ಳು. ಈಗಿನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲೂ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಲು ಪೆಟ್ರೋಲ್ ಬೇಕೇ ಬೇಕು.

ಇನ್ನು ನಿಮ್ಮ ಲೆಕ್ಕ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರು ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಯೂನಿಟ್. ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ (ಮೋಟಾರು ತಾನೊಂದೇ ಕಾರನ್ನು ಓಡಿಸಬಲ್ಲ ಬಗೆ) ಬ್ಯಾಟರಿ ಹಿಡಿಯುವುದು 0.76 ಯೂನಿಟ್. ಬಾಳಿಕೆ ಬರಲೆಂದು ಕಾರು ಅದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ, ಹಾಗಾಗಿ ಬಳಕೆಗೆ ಸಿಗುವುದು ಸುಮಾರು ಅರ್ಧ. ಜೋಗದ ನೀರಿಗೆ ತಂಬಿಗೆ ಹಿಡಿದ ಹಾಗೆ. ಗಾಳಿ ಮತ್ತು ಚಕ್ರಗಳು ತಿನ್ನುವ ಪಾಲನ್ನು ಕಳೆದರೂ ಘಟ್ಟ ಮುಗಿಯುವ ಮೊದಲೇ ಬ್ಯಾಟರಿ ತುಂಬಿರುತ್ತದೆ. ಮತ್ತೆ ಅದೇ ಎತ್ತರಕ್ಕೆ ಕಾರನ್ನು ಏರಿಸಲು, ಸಪಾಟು ರಸ್ತೆಯ ಖರ್ಚಿನ ಮೇಲೆ, ಎಂಜಿನ್ ಮುಕ್ಕಾಲು ಲೀಟರಿನಷ್ಟು ಪೆಟ್ರೋಲ್ ಹೆಚ್ಚುವರಿ ಸುಡುತ್ತದೆ. ತಂಬಿಗೆಯಲ್ಲಿ ಉಳಿದದ್ದರ ಬೆಲೆ ಹೆಚ್ಚೆಂದರೆ ನೂರು ಮಿಲಿಲೀಟರಿನ ಆಸುಪಾಸು.

ಬ್ಯಾಟರಿ ತುಂಬಿದ ಮೇಲೆ ಇನ್ನೊಂದು ಘಟನೆ ನಡೆಯುತ್ತದೆ, ಅದಕ್ಕೆ ಹೆದರಬೇಡಿ. ಇಳಿಜಾರಿನಲ್ಲಿ, ನೀವು ಆಕ್ಸಿಲರೇಟರ್ ಮುಟ್ಟದೆ ಇರುವಾಗಲೇ, ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಗುಂಯ್‌ಗುಡಲು ಶುರುಮಾಡುತ್ತದೆ. ಕಾರು ಕೆಟ್ಟಿತೆಂದು ಗ್ಯಾರೇಜಿಗೆ ಓಡಿದವರನ್ನು ಕಂಡಿದ್ದೇನೆ. ಇಡಲು ಜಾಗವಿಲ್ಲದ ವಿದ್ಯುತ್ತಿನಿಂದ ಕಾರು ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ಬರಿದೇ ತಿರುಗಿಸಿ ಶಕ್ತಿ ಕಳೆಯುತ್ತಿರುತ್ತದೆ, ಅಷ್ಟೇ. ಅದು ನಿಮ್ಮ ಪ್ಯಾಡುಗಳನ್ನು ಕಾಪಾಡುವ ಸದ್ದು. ಬಿ ಎಂಬ ಸ್ಥಾನ ಇರುವುದೂ ಇದಕ್ಕೇ. ನಾನು ಈಗ ದೇವಿಮನೆ ದಾಟಿದೊಡನೆ ಬಿ ಹಾಕುತ್ತೇನೆ, ಕತಗಾಲ ಹತ್ತಿರವಾಗುವಾಗ ಡಿಗೆ ಮರಳುತ್ತೇನೆ. ಸಪಾಟಿನಲ್ಲಿ ಬಿ ಬೇಡ, ಮೈಲೇಜ್ ಇಳಿಯುತ್ತದೆ.

"ಬ್ರೇಕ್ ಒತ್ತಿದಷ್ಟೂ ಲಾಭ" ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ಆ ವೇಗ ಬಂದದ್ದು ನೀವು ಸುಟ್ಟ ಪೆಟ್ರೋಲಿನಿಂದ. ಬ್ರೇಕ್ ಒತ್ತಿದಾಗ ವಾಪಸ್ ಬರುವುದು ಅದರ ಒಂದು ಪಾಲು ಮಾತ್ರ: ಮೋಟಾರಿನಲ್ಲಿ ಸ್ವಲ್ಪ, ಬ್ಯಾಟರಿಯಲ್ಲಿ ಸ್ವಲ್ಪ, ಮತ್ತೆ ಹೊರತೆಗೆಯುವಾಗ ಸ್ವಲ್ಪ ಸೋರಿಹೋಗುತ್ತದೆ. ಮುಂದಿನ ಬಸ್ಸು ನಿಲ್ಲುವುದು ದೂರದಿಂದಲೇ ಕಂಡರೆ ಆಕ್ಸಿಲರೇಟರ್ ಬಿಟ್ಟು ತೇಲಿಹೋಗಿ. ಒತ್ತಲೇಬೇಕಾದರೆ ಬೇಗ, ಮೆತ್ತಗೆ ಒತ್ತಿ. ಒತ್ತದೇ ಇರುವುದು ಎಲ್ಲಕ್ಕಿಂತ ಅಗ್ಗ.

ಹಾಗಾದರೆ ಹೈಬ್ರಿಡ್ ದಂಡವೇ? ಅಲ್ಲ, ನೀವು ಅದರ ಲಾಭವನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀರಿ. ಪೆಟ್ರೋಲ್ ಎಂಜಿನ್ ದುಂದು ಮಾಡುವುದು ನಿಧಾನ ಓಡಾಟದಲ್ಲಿ, ನಿಂತು ಹೊರಡುವಲ್ಲಿ. ಶಿರಸಿಯ ಪೇಟೆ, ರಜೆಯ ದಿನದ ಗೋಕರ್ಣದ ರಸ್ತೆ ಎಂದರೆ ಹೈಬ್ರಿಡ್‌ಗೆ ಹಬ್ಬ. ಎಂಜಿನ್ ಮಲಗಿರುತ್ತದೆ, ಮೋಟಾರು ಸಾಗಿಸುತ್ತದೆ. ಘಟ್ಟ ಹತ್ತುವಾಗಲಾದರೋ ಭಾರ ಹೊತ್ತ ಎಂಜಿನ್ ತನ್ನ ಒಳ್ಳೆಯ ದಕ್ಷತೆಯಲ್ಲೇ ದುಡಿಯುತ್ತಿರುತ್ತದೆ, ಹೈಬ್ರಿಡ್ ಸುಧಾರಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಕುಮಟಾದಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋದರೂ ಅಂತರ ಸಣ್ಣದೇ. ಕಂಪನಿ ಹೇಳುವ ಲೀಟರಿಗೆ 27.97 ಕಿಲೋಮೀಟರ್ ಪರೀಕ್ಷಾಲಯದ ಅಂಕಿ, ದೇವಿಮನೆಯದಲ್ಲ.

ಘಟ್ಟದ ಶಕ್ತಿಯನ್ನು ಹಿಡಿಯಲೇಬೇಕೆಂದಿದ್ದರೆ ನಿಮಗೆ ಬೇಕಾದದ್ದು ಪೂರ್ಣ ಎಲೆಕ್ಟ್ರಿಕ್ ಕಾರು. ಮೂವತ್ತು ನಲವತ್ತು ಯೂನಿಟ್ ಬ್ಯಾಟರಿಗೆ ಎರಡು ಯೂನಿಟ್ ಲೆಕ್ಕಕ್ಕೇ ಇಲ್ಲ. ಆದರೆ ಶಿರಸಿಯ ಮನೆಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಹೊರಡಬೇಡಿ. ತುಂಬಿದ ಬ್ಯಾಟರಿಗೆ ಅದೂ ಏನನ್ನೂ ತುಂಬಲಾರದು, ಇಳಿಯುವಾಗ ಮತ್ತೆ ಪ್ಯಾಡುಗಳೇ ಗತಿ. ತೊಂಬತ್ತಕ್ಕೆ ನಿಲ್ಲಿಸಿ.

ಕೊಳ್ಳುವುದು ಹೈಬ್ರಿಡ್ಡೇ ಆದರೆ ಸ್ಟ್ರಾಂಗ್ ಹೈಬ್ರಿಡ್ ಹೌದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮೈಲ್ಡ್ ಹೈಬ್ರಿಡ್‌ನ ಪುಟ್ಟ ಮೋಟಾರು ಕಾರನ್ನು ತಾನೊಂದೇ ಓಡಿಸಲಾರದು, ಅದಕ್ಕೆ ಮೇಲೆ ಹೇಳಿದ ಯಾವ ಲೆಕ್ಕವೂ ಅನ್ವಯಿಸದು. ಕರಾವಳಿಯಲ್ಲಿ ಕಾರು ನಿಲ್ಲಿಸುವುದು ಹೆಚ್ಚಿದ್ದರೆ ಡಿಸ್ಕುಗಳ ಮೇಲೂ ಕಣ್ಣಿಡಿ: ಪ್ಯಾಡುಗಳಿಗೆ ಕೆಲಸ ಕಡಿಮೆಯಾದ ಕಾರಿನಲ್ಲಿ ಉಪ್ಪುಗಾಳಿಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಬ್ರೇಕ್ ಹಿಡಿದರೆ ಅದು ಉಜ್ಜಿಹೋಗುತ್ತದೆ. ಬ್ಯಾಟರಿಯನ್ನು ತಂಪಾಗಿಸುವ ಗಾಳಿ ಹಿಂದಿನ ಸೀಟಿನ ಬಳಿಯ ಜಾಲರಿಯಿಂದ ಹೋಗುವ ಕಾರಾದರೆ, ಅಡಿಕೆ ಚೀಲವನ್ನು ಅದಕ್ಕೆ ಅಡ್ಡ ಇಡಬೇಡಿ.